ರೇಡಿಯೋ ಮೇಲಿನ ಸುಣ್ಣದ ಬೊಟ್ಟು

ನ್ಯಾಮತಿ
4-3-2024, ಸೋಮವಾರ

ಸಾವಂತ್ರಮ್ಮನಿಗೆ,

ಗಿಡ್ಡಪ್ಪ ಬರೆಯುವುದು. ನೀನು ಚೆನ್ನಾಗೇ ಇರುತ್ತೀಯ. ಬಿಳಿಚೋಡಿನಲ್ಲಿ ಮಗಳ ಮನೆ ಕಟ್ಟೆ ಮೇಲೆ ಮೊಮ್ಮಗನನ್ನು ಆಡಿಸಿಕೊಂಡು ಕೂತವಳಿಗೆ ಏನಾಗಿರುತ್ತದೆ? ಅದಕ್ಕೇ ಕ್ಷೇಮ ಸಮಾಚಾರ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಒಂದೇ ಪ್ರಶ್ನೆ. ನಮ್ಮ ಕುದುರೆ ಚಂದ್ರಿಯನ್ನು ನನಗೆ ಗೊತ್ತಾಗದ ಹಾಗೆ ಮಾರಬೇಕು ಅಂತ ನೀನೂ ರಂಗನಾಥನೂ ಯಾವಾಗ ತೀರ್ಮಾನ ಮಾಡಿದಿರಿ?

ಫೋನಿನಲ್ಲಿ ಕೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ ಬೇಕೆಂದೇ ಬಾಯಿಗೆ ಸೆರಗು ಇಟ್ಟುಕೊಂಡು ಮಾತಾಡುತ್ತೀಯ. ಹೋದ ಸಲ ಅರ್ಧ ಗಂಟೆ ಗುಳುಗುಳು ಅಂದೆ, ಒಂದು ಮಾತನ್ನೂ ಬಿಡಿಸಿ ಹೇಳಲಿಲ್ಲ. ಕಾಗದದ ಮೇಲೆ ಆ ಆಟ ನಡೆಯುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ನೀನು ಏಳನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಉತ್ತರ ಮಾತ್ರ ತಪ್ಪಿಸಬೇಡ.

ದೀಪಾವಳಿ ಮುಗಿದ ಮೇಲೆ ಚೌಡೇಶ್ವರಿಯ ಬಾಣಂತನಕ್ಕೆ ಅಂತ ಹೋದೆ. ಮಗುವಿಗೆ ಮೂರು ತಿಂಗಳು ದಾಟಿತು. ಇನ್ನೂ ಯಾವ ಬಾಣಂತನ? ಹೊರಡುವ ಹಿಂದಿನ ದಿನ ನಾನು ಕೂಗಾಡಿದೆ ಅಂತ ಸಿಟ್ಟು ಮಾಡಿಕೊಂಡು ಕೂತಿದ್ದೀಯ. ನಾನು ಸುಮ್ಮನೆ ಕೂಗಾಡಲಿಲ್ಲ. ಹಿತ್ತಿಲಿನಿಂದ ಒಳಗೆ ಬರುವಾಗ ನೀನು ರಂಗನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಶಿವಮೊಗ್ಗಕ್ಕೆ ಹೊಡ್ಕೊಂಡೋಗಿ ಮಾರ್ಸಾಣ" ಅಂದೆ. ನನ್ನ ಮುಖ ಕಂಡ ತಕ್ಷಣ ಇಬ್ಬರೂ ಬಾಯಿ ಮುಚ್ಚಿದಿರಿ. ಕಳ್ಳರು ಮುಚ್ಚಿದ ಹಾಗೆ. ಏನನ್ನು ಮಾರೋದು ಅಂತ ನಾನು ಕೇಳಿದ್ದಕ್ಕೆ ನೀನು ಹಣೆ ಚಚ್ಚಿಕೊಂಡು, "ಅಯ್ಯೋ ನಿಮಗೆ ಹೆಂಗ್ರೀ ಹೇಳಾದು" ಅಂತ ಒಳಗೆ ಹೋದೆ. ಈ ಮನೆಯಲ್ಲಿ ಹೊಡೆದುಕೊಂಡು ಹೋಗಿ ಮಾರುವಂಥದ್ದು ಚಂದ್ರಿ ಬಿಟ್ಟರೆ ಇನ್ನೇನಿದೆ? ನನ್ನನ್ನು ಮಾರಿದರೆ ಯಾರೂ ಕೊಳ್ಳುವುದಿಲ್ಲ.

ನೀನು ಹೋದ ಮೇಲೆ ಇಲ್ಲಿ ಏನೇನು ನಡೆಯುತ್ತಿದೆ ಅಂತ ಹೇಳುತ್ತೇನೆ, ಕೇಳು.

ಲಾಯದ ರೇಡಿಯೋ ವಿಷಯ ನಿನಗೆ ಗೊತ್ತಲ್ಲ. ಜಗಳೂರು ಕಡೆಯ ಕುರಿಯವರ ಹತ್ತಿರ ಚಂದ್ರಿಯನ್ನು ಮರಿಯಾಗಿ ತಂದಾಗ ಅದು ಪಾತ್ರೆ ಬಿದ್ದರೂ ಗೂಟ ಕಿತ್ತುಕೊಂಡು ಓಡುತ್ತಿತ್ತು. ಮದುವೆ ಮೆರವಣಿಗೆಗೆ ಹೋಗುವ ಕುದುರೆ ಬ್ಯಾಂಡಿಗೂ ಪಟಾಕಿಗೂ ಹೆದರಬಾರದು. ಅದಕ್ಕೆ ನಾನು ಲಾಯದ ಗೂಡಿನಲ್ಲಿ ರೇಡಿಯೋ ಇಟ್ಟು, ಹುರುಳಿ ತಿನ್ನುವ ಹೊತ್ತಿಗೆ ಸಣ್ಣಗೆ ಹಾಕಿ, ವಾರಕ್ಕೆ ಒಂದು ಕಾಳಿನಷ್ಟು ತಿರುಪು ಮೇಲೇರಿಸಿ ಕಲಿಸಿದೆ. ಕಲಿತ ಮೇಲೆ ನೀನೇ, "ಇನ್ನು ಸಾಕು ಬಿಡ್ರೀ, ಮನೆಗೆ ಬಂದಾಗಾದ್ರೂ ಅದರ ಕಿವಿ ತಣ್ಣಗಿರಲಿ" ಅಂತ ಎಲೆಯಡಿಕೆ ಡಬ್ಬಿಯ ಸುಣ್ಣ ತೆಗೆದು ತಿರುಪಿನ ಪಕ್ಕ ಒಂದು ಬೊಟ್ಟು ಇಟ್ಟೆ. ಸೌಂಡು ಅಲ್ಲಿಂದ ಮೇಲೆ ಹೋಗಬಾರದು ಅಂತ. ಎಂಟು ವರ್ಷ ಅದು ಆ ಬೊಟ್ಟು ದಾಟಲಿಲ್ಲ.

ಈಗ ಆ ಬೊಟ್ಟಿಗೆ ತಿರುಪು ತಂದು ನಿಲ್ಲಿಸಿದರೆ ರೇಡಿಯೋದಿಂದ ಸೊಳ್ಳೆ ಸದ್ದೂ ಬರುವುದಿಲ್ಲ. ಬೊಟ್ಟನ್ನು ಯಾರೋ ಕೆರೆದು ಕೆಳಕ್ಕೆ ಸರಿಸಿ ಇಟ್ಟಿದ್ದಾರೆ. ಮೊದಲು ನಾನು ಸೆಲ್ಲು ಹೋಗಿರಬೇಕು ಅಂದುಕೊಂಡೆ. ಹೊಸ ಸೆಲ್ಲು ತಂದು ಹಾಕಿದೆ. ಎರಡು ದಿನ ನೋಡಿದೆ, ಆಗಲೂ ಅದೇ ಹಾಡು. ರಂಗನ ಹೆಂಡತಿ ಅನಿತಾ ಹೊಸವನ್ನು ಗಡಿಯಾರಕ್ಕೆ ಹಾಕಿಕೊಂಡು ಹಳೆಯದನ್ನು ರೇಡಿಯೋಕ್ಕೆ ತುರುಕಿರಬೇಕು ಅಂತ, ಇನ್ನೊಂದು ಜೊತೆ ತಂದು ಎರಡರ ಮೇಲೂ ಮೊಳೆಯಿಂದ ಗೀರು ಹಾಕಿದೆ. ಬಿಚ್ಚಿ ನೋಡಿದರೆ ನನ್ನ ಗೀರೇ ಇದೆ. ಹಾಗಾದರೆ ಅಂಗಡಿಯವನೇ ಸತ್ತ ಸೆಲ್ಲು ಕೊಟ್ಟಿರಬೇಕು. ಅವನ ಹತ್ತಿರ ಹೋಗಿ ಜಗಳ ಮಾಡಿ ಬಂದೆ. ಈಗ ತಿರುಪನ್ನು ಕೊನೆ ಮುಟ್ಟಿಸಿದರೆ ಮಾತ್ರ ಒಂದಿಷ್ಟು ಕೇಳುತ್ತದೆ.

ಇಷ್ಟಾದರೆ ಬರೆಯುತ್ತಿರಲಿಲ್ಲ. ಚಂದ್ರಿ ನನ್ನನ್ನು ಕಂಡರೆ ಮೂಲೆಗೆ ಹೋಗುತ್ತದೆ. ನಾನು ಬೆಳಿಗ್ಗೆ ಲಾಯಕ್ಕೆ ಹೋಗಿ ರೇಡಿಯೋ ಹಾಕಿದ ಕೂಡಲೇ ಗೋಡೆಗೆ ಮುಖ ಕೊಟ್ಟು ಕಿವಿ ಹಿಂದಕ್ಕೆ ಮಡಚಿಕೊಂಡು ನಿಲ್ಲುತ್ತದೆ. ಹುರುಳಿ ಮುಟ್ಟುವುದಿಲ್ಲ. ಮೊನ್ನೆ ಹಲಗೆಗೆ ಒದ್ದಿತು. ರಂಗ ಹೋದರೆ ಬೆಕ್ಕಿನ ಮರಿಯ ಹಾಗೆ ಅವನ ಹೆಗಲಿಗೆ ಮೂತಿ ಇಡುತ್ತದೆ. ಏನು ಮಾಡಿದ್ದಾನೆ ನನ್ನ ತಮ್ಮನ ಮಗ? ಕದ್ದು ಬೆಲ್ಲ ತಿನ್ನಿಸುತ್ತಾನೋ, ಅಥವಾ ರೇಡಿಯೋ ಜೋರು ಮಾಡಿ, ಸದ್ದು ಹೊರಗೆ ಬಾರದ ಹಾಗೆ ಬೆತ್ತದಲ್ಲಿ ಬಾರಿಸುತ್ತಾನೋ? ಬೆಲ್ಲವೋ ಬೆತ್ತವೋ, ಎರಡರಲ್ಲಿ ಒಂದು.

ಹೋದ ವಾರ ಚನ್ನಗಿರಿ ಮದುವೆಯಲ್ಲಿ ಮಾನ ಹೋಯಿತು. ಸ್ಪೀಕರ್ ಕಟ್ಟಿದ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಹೋದದ್ದೇ ಚಂದ್ರಿ ಮುಂಗಾಲು ಎತ್ತಿ ನಿಂತಿತು. ಮದುಮಗ ಪೇಟ ಒಂದು ಕಡೆ, ತಾನೊಂದು ಕಡೆ ಜಾರಿ ಇಳಿದ. ನಾನು ಲಗಾಮು ಎಳೆಯಲು ಹೋಗಿ ಬಿದ್ದೆ. ಎದ್ದು ಪಂಚೆ ಕೊಡವುತ್ತಿದ್ದಾಗ ಮದುಮಗನ ಸೋದರಮಾವ ಬಂದು, ಊಟಾಯ್ತಾ ಅಂದ. ದೊಡ್ಡ ಮನುಷ್ಯ, ಅಂಥ ಗಲಾಟೆಯಲ್ಲೂ ಊಟ ಕೇಳಿದನಲ್ಲ ಅಂತ, "ಆತು, ಹೊಟ್ಟೆ ತುಂಬ ಆತು, ನಿಮ್ದು ಆಯ್ತಾ ಸ್ವಾಮಿ" ಅಂದೆ. ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಬ್ಯಾಂಡಿನವರೂ ನಕ್ಕರು. ಊಟ ವಿಚಾರಿಸಿದ್ದಕ್ಕೆ ಯಾರಾದರೂ ನಗುತ್ತಾರಾ? ನನ್ನ ಹಿಂದೆ ನಿಂತು ರಂಗ ಏನೋ ಮುಖ ಮಾಡಿರಬೇಕು. ಆಮೇಲೆ ಎಲ್ಲರ ಮುಂದೆ ನನ್ನ ಕೈಯಿಂದ ಲಗಾಮು ಕಿತ್ತುಕೊಂಡ. ಚಂದ್ರಿಯನ್ನು ಪಕ್ಕದ ಗಲ್ಲಿಗೆ ಕರೆದುಕೊಂಡು ಹೋಗಿ ಅದರ ಕಿವಿಯಲ್ಲಿ ಏನೋ ಹೇಳಿದ. ಅದು ತಲೆ ಬಗ್ಗಿಸಿ ಅವನ ಹಿಂದೆ ನಡೆಯಿತು. ನಲವತ್ತು ವರ್ಷ ಕುದುರೆ ಹಿಡಿದವನು ನಾನು, ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಜಟಕಾ ಹೊಡೆದವನು. ಕೈ ಬೀಸಿಕೊಂಡು ಮನೆಗೆ ಬಂದೆ.

ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. ಉಬ್ರಾಣಿಯ ಬಸವರಾಜ್ ವರ್ಷದಿಂದ ಚಂದ್ರಿಯನ್ನು ಕೇಳುತ್ತಿದ್ದ. ಮೊನ್ನೆ ಮನೆಗೇ ಬಂದಿದ್ದ. ಬರುವ ಭಾನುವಾರ ಟೆಂಪೋ ತಂದು ಹತ್ತಿಸಿಕೊಂಡು ಹೋಗು ಅಂತ ಮಾತು ಕೊಟ್ಟಿದ್ದೇನೆ. ನೀವು ಕದ್ದು ಮಾರುವ ಮುಂಚೆ ನಾನೇ ಎದುರಿಗೆ ನಿಂತು ಕಳಿಸುತ್ತೇನೆ. ನಾನು ಕೊಟ್ಟ ಮಾತು ತಪ್ಪಿದ್ದನ್ನು ನೀನು ನೋಡಿಲ್ಲ. ಭಾನುವಾರದೊಳಗೆ ನಿಜ ಹೇಳುವುದಾದರೆ ಹೇಳು. ಬೆಲ್ಲದ ನೀರಿನಲ್ಲಿ ಬೆರಳದ್ದಿ ಚೀಪಿಸಿ ಅದನ್ನು ಸಾಕಿದವಳು ನೀನು. ಅದು ಟೆಂಪೋ ಹತ್ತುವುದನ್ನು ನೋಡಬೇಕು ಅಂತಿದ್ದರೆ ಬಂದು ನೋಡು.

5-3, ಮಂಗಳವಾರ

ಕಾಗದ ಇನ್ನೂ ಪೆಟ್ಟಿಗೆಗೆ ಹಾಕಿಲ್ಲ. ಅಂಚೆ ಪೆಟ್ಟಿಗೆಗೆ ಹಾಕಿ ಬರುತ್ತೇನೆ ಕೊಡಿ ಅಂತ ಅನಿತಾ ಕೈ ಚಾಚಿದಳು. ಅವಳಿಗೇಕೆ ಅಷ್ಟು ಆತುರ? ಕೊಡಲಿಲ್ಲ. ಅಂಗಿಯ ಒಳಜೇಬಿನಲ್ಲಿಟ್ಟುಕೊಂಡೆ.

ಈ ಮನೆಯಲ್ಲಿ ಈಗ ಕೂಗುತ್ತಾರೆ, ಇಲ್ಲವೇ ಪಿಸುಗುಡುತ್ತಾರೆ. ನಡುವಿನ ಮಾತೇ ಇಲ್ಲವಾಗಿದೆ. ರೇಡಿಯೋ ಸೌಂಡು ಕಡಿಮೆ ಮಾಡು ಅಂತ ರಂಗ ಇವತ್ತು ಗೇಟಿನಿಂದಲೇ ಕೂಗಿದ. "ದೊಡ್ಡಪ್ಪಾ, ನಿನ್ನ ವಾರ್ತೆ ಹೊನ್ನಾಳಿಗೆ ಕೇಳ್ತೈತೆ, ಅಲ್ಲಿಯೋರು ರೇಡಿಯೋನೇ ಮಾರಿಬಿಟ್ರಂತೆ!" ಪಕ್ಕದ ಮನೆ ಗಾದ್ರಮ್ಮ ಕೊಡ ಇಳಿಸಿ ನಕ್ಕಳು. ನಾನೂ ಬಿಡಲಿಲ್ಲ. "ನಿಮ್ಮಪ್ಪ ಇದ್ದಾಗ ನನ್ನೆದುರು ನಿಂತು ಮಾತಾಡ್ತಿರ್ಲಿಲ್ಲ ಕಣೋ" ಅಂದೆ. ಅವನು ಏನೋ ಅಂದ. ಬಾಯಿ ಆಡಿದ್ದು ಕಂಡಿತು. ಕೇಳಬಾರದು ಅಂತ ಮೆಲ್ಲಗೆ ಅಂದ.

ಒಂದು ವಿಷಯ ಪತ್ತೆ ಮಾಡಿದ್ದೇನೆ. ಬೆಳಿಗ್ಗೆ ನಾನು ಹುರುಳಿ ಹಾಕಿ, ರೇಡಿಯೋ ಹಚ್ಚಿ, ಟೀ ಕುಡಿಯಲು ಸರ್ಕಲ್ಲಿಗೆ ಹೋಗುತ್ತೇನಲ್ಲ, ನಾನು ಗೇಟು ದಾಟಿದ ಕೂಡಲೇ ರಂಗ ಲಾಯದೊಳಗೆ ಹೋಗುತ್ತಾನೆ. ಇವತ್ತು ತಿರುಗಿ ನೋಡಿದೆ. ಬಾಗಿಲು ಎಳೆದುಕೊಂಡ. ನಾಳೆ ಟೀಗೆ ಹೋದಂತೆ ಮಾಡಿ ಹಿಂದಿನಿಂದ ಬಂದು ಲಾಯದ ಅಟ್ಟ ಹತ್ತಿ ಕೂರುತ್ತೇನೆ. ಬೆಲ್ಲವೋ ಬೆತ್ತವೋ, ಕಣ್ಣಾರೆ ನೋಡಿ ಬರೆಯುತ್ತೇನೆ.

6-3, ಬುಧವಾರ

ಸಾವಂತ್ರಿ, ಹೇಗೆ ಬರೆಯಲಿ ಅಂತ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಆರೂವರೆಗೆ ಅಟ್ಟದ ಮೇಲೆ ಹುಲ್ಲಿನ ಹೊರೆಯ ಹಿಂದೆ ಕೂತೆ. ಕೆಳಗೆ ರೇಡಿಯೋ ಕೊನೆ ಮುಟ್ಟಿ ಹಾಡುತ್ತಿತ್ತು. ಚಂದ್ರಿ ಮೂಲೆಯಲ್ಲಿ ಗೋಡೆ ನೋಡಿಕೊಂಡು ನಿಂತಿತ್ತು. ರಂಗ ಬಂದ. ಕೈಯಲ್ಲಿ ಬೆಲ್ಲವಿಲ್ಲ, ಬೆತ್ತವೂ ಇಲ್ಲ. ಸೀದಾ ಗೂಡಿನ ಹತ್ತಿರ ಹೋಗಿ ತಿರುಪು ತಿರುವಿ ರೇಡಿಯೋ ಆರಿಸಿದ. ಲಾಯ ಗಪ್ಪಾಯಿತು. ಆರಿಸಿದ ಮೇಲೆ ಚಂದ್ರಿ ಹಿಂತಿರುಗಿತು. ಕತ್ತು ಇಳಿಬಿಟ್ಟಿತು. ನಾಲ್ಕು ಹೆಜ್ಜೆ ಬಂದು ಹುರುಳಿಗೆ ಬಾಯಿ ಹಾಕಿತು. ರಂಗ ಅದರ ಬೆನ್ನು ಉಜ್ಜತೊಡಗಿದ. ಅಷ್ಟೇ. ಇನ್ನೇನೂ ಮಾಡಲಿಲ್ಲ.

ಆದರೆ ಎರಡು ಸಂಗತಿ ನನಗೆ ಸರಿ ಕಾಣಲಿಲ್ಲ. ರಂಗ ಉಜ್ಜುತ್ತಾ ಬೆರಳಲ್ಲಿ ಹಲಗೆಗೆ ತಾಳ ಹಾಕುತ್ತಿದ್ದ. ಹಾಡಿಲ್ಲದೆ ಯಾರು ತಾಳ ಹಾಕುತ್ತಾರೆ? ಇನ್ನೊಂದು, ಚಂದ್ರಿಯ ಒಂದು ಕಿವಿ ರಂಗನ ಕಡೆ, ಇನ್ನೊಂದು ಕಿವಿ ರೇಡಿಯೋ ಕಡೆ ನೆಟ್ಟಗೆ ನಿಂತಿತ್ತು. ಸುಮ್ಮನಿರುವ ಪೆಟ್ಟಿಗೆಯ ಕಡೆ ಕುದುರೆ ಕಿವಿ ಕೊಟ್ಟು ನಿಲ್ಲುವುದಿಲ್ಲ. ಅದು ನನಗೆ ಗೊತ್ತಿರುವ ವಿದ್ಯೆ.

ಹುಲ್ಲಿನ ಧೂಳಿಗೆ ಸೀನು ಬಂತು. ರಂಗ ತಲೆ ಎತ್ತಿ, "ದೊಡ್ಡಪ್ಪಾ! ಅಟ್ಟದ ಮ್ಯಾಲೆ ಏನ್ ಮೊಟ್ಟೆ ಇಡಾಕೆ ಕೂತಿದ್ಯಾ?" ಅಂತ ಕೂಗಿದ. ಇಳಿದೆ. ಸಿಟ್ಟು ನೆತ್ತಿಗೇರಿತ್ತು. ಆ ಹಾಳು ರೇಡಿಯೋವನ್ನೇ ಚರಂಡಿಗೆ ಎಸೆಯುತ್ತೇನೆ ಅಂತ ಎರಡೂ ಕೈಯಲ್ಲಿ ಹಿಡಿದೆ. ಅದು ಅಂಗೈಗೆ ಜುಂ ಜುಂ ಅನ್ನುತ್ತಿತ್ತು. ಕೆಂಪು ದೀಪ ಉರಿಯುತ್ತಿತ್ತು. ತಿರುಪು ನೋಡಿದೆ. ಸರಿಯಾಗಿ ನೀನಿಟ್ಟ ಬೊಟ್ಟಿನ ಮೇಲೆ ನಿಂತಿತ್ತು. ಪೆಟ್ಟಿಗೆಯನ್ನು ಬಲಗಿವಿಗೆ ಒತ್ತಿಕೊಂಡೆ, ಏನೂ ಇಲ್ಲ. ಎಡಗಿವಿಗೆ ಒತ್ತಿಕೊಂಡೆ. ಕೆರೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಾ ಹಾಡಿದ ಹಾಗೆ ಹಾಡು ಕೇಳಿತು.

ಅಷ್ಟರಲ್ಲಿ ಅನಿತಾ ಬಂದಳು. ನನ್ನ ಮುಖ ನೋಡಿ ಒಳಗೆ ಓಡಿ ಹೋಗಿ ಮಗಳ ಸ್ಲೇಟು ತಂದಳು. ನಾನು ಕೇಳಿದ್ದಕ್ಕೆಲ್ಲ ಬರೆದು ತೋರಿಸಿದಳು. ಬೊಟ್ಟು ಯಾರೂ ಸರಿಸಿಲ್ಲ ಮಾವ, ಅಂತ ಬರೆದಳು. ಅತ್ತೆ ಅವತ್ತು ಹೇಳಿದ್ದು ಚಂದ್ರಿ ವಿಷಯ ಅಲ್ಲ, ನಿಮ್ಮ ಕಿವಿ ವಿಷಯ. "ಶಿವಮೊಗ್ಗಕ್ಕೆ ಕರ್ಕೊಂಡೋಗಿ ತೋರ್ಸಾಣ" ಅಂದದ್ದು. ನಾನು ತೋರ್ಸಾಣ ಅನ್ನುವುದನ್ನು ಮಾರ್ಸಾಣ ಮಾಡಿಕೊಂಡು, ನಿನ್ನನ್ನು ಮನೆ ಬಿಡಿಸಿ, ಕುದುರೆಯನ್ನು ಬಸವರಾಜನಿಗೆ ಒಪ್ಪಿಸಿ ಕೂತಿದ್ದೆ. ಚನ್ನಗಿರಿಯಲ್ಲಿ ಆ ಸೋದರಮಾವ ಕೇಳಿದ್ದು ಏನು ಅಂದೆ. ಅನಿತಾ ಬರೆಯುವ ಮೊದಲೇ ಬಾಯಿಗೆ ಸೆರಗು ಹಿಡಿದಳು. ಏಟಾಯ್ತಾ, ಅಂತ ಕೇಳಿದ್ದಂತೆ. ಬಿದ್ದವನನ್ನು ಏಟಾಯ್ತಾ ಅಂದರೆ ನಾನು ಹೊಟ್ಟೆ ತುಂಬ ಆತು, ನಿಮ್ದು ಆಯ್ತಾ ಅಂದಿದ್ದೇನೆ.

ಯಾಕೆ ಮೊದಲೇ ಹೇಳಲಿಲ್ಲ ಅಂತ ರಂಗನ ಮೇಲೆ ಹೋದೆ. ಅವನು ಸ್ಲೇಟು ಕಿತ್ತುಕೊಂಡು ದಪ್ಪಗೆ ಬರೆದ. "ಹೇಳಿದ್ವಿ. ನೀನು ಕೇಳಲಿಲ್ಲ." ಎರಡು ಅರ್ಥದಲ್ಲೂ ಅವನು ಬರೆದದ್ದು ಸರಿ.

ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಇವರು ಗಂಡ ಹೆಂಡತಿ ಸೇರಿ ನಾಟಕ ಆಡುತ್ತಿರಬಹುದು. ರಂಗನಿಗೆ, ನನ್ನ ಬೆನ್ನ ಹಿಂದೆ ನಿಂತು ನಿನಗೆ ಬೇಕಾದಷ್ಟು ಸಲ ನನ್ನ ಹೆಸರು ಕೂಗು, ಎಷ್ಟು ಸಲ ಅಂತ ಹೇಳಬೇಡ ಅಂದೆ. ನಾನು ಚಂದ್ರಿಯ ಕಿವಿಯ ಮೇಲೆ ಕಣ್ಣಿಟ್ಟು ನಿಂತೆ. ಚಂದ್ರಿ ನಾಟಕ ಆಡುವುದಿಲ್ಲ. ಅದರ ಕಿವಿ ಐದು ಸಲ ರಂಗನ ಕಡೆ ತಿರುಗಿತು. ನನಗೆ ಕೇಳಿದ್ದು ಒಂದು ಸಲ.

ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲವಲ್ಲೋ ಅಂತ ರಂಗನಿಗೆ ಹೇಳಿದೆ. ಅವನು ಚಂದ್ರಿಯ ಕತ್ತು ಸವರಿದ. ಅದು ಮೊದಲು ಊರಲ್ಲಿ ಸದ್ದು ಕೇಳಿ ಮನೆಗೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ನಾನು ಮನೆಯಲ್ಲೇ ದಿನಾ ಮೆರವಣಿಗೆ ಮಾಡಿಟ್ಟಿದ್ದೆ. ಬೇರೆ ಯಾರಾದರೂ ಅದಕ್ಕೆ ಹಾಗೆ ಮಾಡಿದ್ದರೆ ನಾನು ಲಾಯದ ಕಂಬಕ್ಕೆ ಕಟ್ಟುತ್ತಿದ್ದೆ.

8-3, ಶುಕ್ರವಾರ

ನಿನ್ನೆ ರಂಗ ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ನೀನು ಹೇಳಿದ್ದು ನಡೆಯಿತು. ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಡಬ್ಬಿ ಕಟ್ಟಿ, ಸದ್ದು ಕೇಳಿದರೆ ಕೈ ಎತ್ತಬೇಕು ಅಂತ ಸನ್ನೆ ಮಾಡಿದರು. ಆಚೆ ಕೂತ ಹುಡುಗಿ ಗುಂಡಿ ಒತ್ತುವುದು ಗಾಜಿನಲ್ಲಿ ಕಾಣುತ್ತಿತ್ತು. ಅವಳು ಒತ್ತಿದಾಗೆಲ್ಲ ಕೈ ಎತ್ತಿದೆ. ನಾಲ್ಕು ಸಲ ಎತ್ತಿದ ಮೇಲೆ ಅವಳಿಗೆ ಗೊತ್ತಾಗಿ ನನ್ನ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಬಿಟ್ಟಳು. ಆಮೇಲೆ ಕೈ ತೊಡೆಯ ಮೇಲೇ ಇತ್ತು. ಗೋಡೆ ನೋಡುತ್ತಾ ಕೂತಾಗ ಚಂದ್ರಿಯ ನೆನಪು ಬಂತು.

ಬಲಗಿವಿ ಹ್ಞೂಂ ಅನ್ನುವಷ್ಟೂ ಉಳಿದಿಲ್ಲವಂತೆ. ಎಡಗಿವಿಗೆ ಮಿಷನ್ ಹಾಕಿದರೆ ಎದುರಿನವರ ಮಾತು ಸಿಗುತ್ತದಂತೆ. ಮೂರು ವಾರ ಬಿಟ್ಟು ಬರಲು ಹೇಳಿದ್ದಾರೆ. ಡಾಕ್ಟರು ಇನ್ನೂ ಏನೇನೋ ಹೇಳಿದರು. ರಂಗ ಎಲ್ಲದಕ್ಕೂ ತಲೆ ಆಡಿಸಿದ. ಅವರಿಬ್ಬರೂ ಏನು ಮಾತಾಡಿಕೊಂಡರೋ ಅಂತ ಬಸ್ಸಿನಲ್ಲಿ ಮತ್ತೆ ಗುಮಾನಿ ಬಂತು. ಚಾಳಿ ಒಂದೇ ದಿನಕ್ಕೆ ಹೋಗುವುದಿಲ್ಲ. ಕೇಳಿದೆ. ಟಿಕೆಟಿನ ಹಿಂದೆ ಬರೆದು ಕೊಟ್ಟ, "ಬೀಡಿ ಬಿಡಿಸಿ ಅಂದ್ರು." ಅದು ಸುಳ್ಳಿರಬಹುದು.

ಇವತ್ತು ಶಿವರಾತ್ರಿ. ಅನಿತಾ ಉಪವಾಸ. ನಾನು ಲಾಯದಲ್ಲಿ ರೇಡಿಯೋವನ್ನು ಬೊಟ್ಟಿಗೆ ನಿಲ್ಲಿಸಿ, ಕೈ ಅದರ ಮೇಲಿಟ್ಟುಕೊಂಡು ಕೂತಿದ್ದೆ. ಚಂದ್ರಿ ಮೂಲೆ ಬಿಟ್ಟು ಎರಡು ಹೆಜ್ಜೆ ಬಂತು. ಪೂರ್ತಿ ಬರಲಿಲ್ಲ. ಅದಕ್ಕೂ ನನ್ನ ಮೇಲೆ ಗುಮಾನಿ.

ಭಾನುವಾರದ ಮಾತೇನು ದೊಡ್ಡಪ್ಪ ಅಂತ ರಂಗ ಸ್ಲೇಟಿನಲ್ಲಿ ಬರೆದು ತೋರಿಸಿದ. ಕೊಟ್ಟ ಮಾತು ಕೊಟ್ಟದ್ದೇ ಅಂದೆ. ಅವನು ಸ್ಲೇಟು ಒರೆಸಿ ಅಲ್ಲೇ ಇಟ್ಟು ಹೋದ. ಊಟಕ್ಕೆ ಕರೆಯಲಿಲ್ಲ.

10-3, ಭಾನುವಾರ

ಬಸವರಾಜ್ ಹತ್ತು ಗಂಟೆಗೆ ಬಂದ. ಟೆಂಪೋದಲ್ಲಿ ಹುಲ್ಲು ಹಾಸಿಕೊಂಡು, ಇಬ್ಬರು ಆಳು, ಹೊಸ ಹಗ್ಗ, ಹಣೆಗೆ ಕಟ್ಟಲು ಕೆಂಪು ಗೊಂಡೆ. ಅವನೇನೂ ಕೆಟ್ಟವನಲ್ಲ. ರಂಗ ಲಾಯದ ಬಾಗಿಲಿಗೆ ಅಡ್ಡ ನಿಂತಿದ್ದ, ಅಳುವವನ ಹಾಗೆ ಮುಖ ಮಾಡಿಕೊಂಡು. ಬೀದಿಯವರು ಏಳೆಂಟು ಜನ ಸೇರಿದರು. ಗಾದ್ರಮ್ಮ ಕಟ್ಟೆ ಹತ್ತಿ ಕೂತಿದ್ದಳು.

ನನಗೆ ಎರಡೇ ದಾರಿ ಇತ್ತು. ಮಾತು ಉಳಿಸಿಕೊಂಡು ಚಂದ್ರಿಯನ್ನು ಬಿಡಬೇಕು. ಇಲ್ಲವೇ ಎಲ್ಲರೆದುರು ಮಾತು ತಪ್ಪಬೇಕು. ಇಂಥ ಕಷ್ಟ ನನಗೆ ಯಾವತ್ತೂ ಬಂದಿರಲಿಲ್ಲ. ಬಸವರಾಜ್ ಹಗ್ಗ ಬಿಚ್ಚಿಕೊಂಡು ಮುಂದೆ ಬಂದಾಗ ನನ್ನ ಬಾಯಿಂದ ಬಂತು. "ನಂಗೆ ಕಿವಿ ಕೇಳಲ್ಲಪ್ಪ ಬಸವರಾಜ್. ಅವತ್ತು ನೀನು ಮದುವೆಗೆ ಕುದುರೆ ಕೇಳಾಕೆ ಬಂದೀಯ ಅಂತ ತಿಳ್ಕಂಡು ಹೂಂ ಅಂದೆ. ಮಾರಾಕೆ ಕೇಳಿದ್ದು ಅಂತ ಗೊತ್ತೇ ಆಗ್ಲಿಲ್ಲ."

ಅದು ಸುಳ್ಳು. ಅವನು ಅವತ್ತು ನನ್ನ ಎಡಗಡೆ ಕೂತು ಸಂತೆಯಲ್ಲಿ ಕೂಗುವವನ ಹಾಗೆ ಕೂಗಿ ಕೇಳಿದ್ದ. ಪ್ರತಿ ಮಾತೂ ಕೇಳಿತ್ತು. ನಿನ್ನ ಹತ್ತಿರ ಮುಚ್ಚಿಡುವುದಿಲ್ಲ.

ಬೀದಿ ಸುಮ್ಮನಾಯಿತು, ಅಂದರೆ ಬಾಯಿಗಳು ನಿಂತವು. ಬಸವರಾಜ್ ಹಗ್ಗ ಸುತ್ತುತ್ತಾ ನನ್ನ ಮುಖದ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಅಂದ. "ಯಜಮಾನ, ಡೀಸೆಲ್ ದಂಡ ಆತು ಅಂತ ಬ್ಯಾಸರ ಇಲ್ಲ. ಆದ್ರೆ ಕಿವುಡನ ಕೈಗೆ ಇನ್ಮುಂದೆ ಯಾರು ಮದುಮಗನ್ನ ಕೊಡ್ತಾರೆ, ಹೇಳು?" ಯಾರೂ ಕೊಡಬಾರದು ಅಂತ ನಾನೇ ಹೇಳಿದೆ. ಲಾಯದ ಗೂಟದಲ್ಲಿದ್ದ ಲಗಾಮು ತಂದು ರಂಗನ ಕೈಗೆ ಕೊಟ್ಟೆ. ಇನ್ನು ಮೇಲೆ ಕುದುರೆ ಬೇಕಾದವರು ಇವನನ್ನು ಕೇಳಿ ಅಂದೆ. ಬಸವರಾಜ್ ಒಂದು ಲೋಟ ಮಜ್ಜಿಗೆ ಕುಡಿದು, ಗೊಂಡೆಯನ್ನು ಚಂದ್ರಿಗೇ ಇಟ್ಟುಕೊಳ್ಳಿ ಅಂತ ಕೊಟ್ಟು ಹೋದ. ಮಧ್ಯಾಹ್ನದ ಹೊತ್ತಿಗೆ ಗಿಡ್ಡಪ್ಪ ಕಿವುಡ ಅಂತ ನ್ಯಾಮತಿಗೆಲ್ಲ ಗೊತ್ತಾಗಿತ್ತು. ಸಂಜೆ ಸರ್ಕಲ್ಲಿನಲ್ಲಿ ಟೀ ಅಂಗಡಿಯವನು ಏನು ಬೇಕು ಅಂತ ಕೈ ಸನ್ನೆ ಮಾಡಿ ಕೇಳಿದ. ಲೋಟ ಅವನ ಮೇಲೆ ಎಸೆಯಬೇಕು ಅನ್ನಿಸಿತು. ಕುಡಿದು ಬಂದೆ.

ಮುಂದಿನ ಮದುವೆಗೆ ರಂಗ ಚಂದ್ರಿಯನ್ನು ಹಿಡಿಯುತ್ತಾನೆ. ನಾನು ಹಿಂದೆ ಜೀನು, ಬೆನ್ನಿಗೆ ಹೊದಿಸುವ ಝೂಲು ಎಲ್ಲ ಗಂಟು ಕಟ್ಟಿಕೊಂಡು ಹೋಗುತ್ತೇನೆ. ನೀನು ಇಷ್ಟು ವರ್ಷ ಹೋದ ಹಾಗೆ. ಆ ಗಂಟು ಇಷ್ಟು ಭಾರ ಇದೆ ಅಂತ ನೀನು ಒಂದು ದಿನವೂ ಹೇಳಲಿಲ್ಲ. ಹೇಳಿದ್ದೆಯೇನೋ.

ಈ ಕಾಗದದ ಮೊದಲ ಹಾಳೆ ಹರಿದು ಹಾಕೋಣ ಅಂದುಕೊಂಡೆ. ಹಾಕಲಿಲ್ಲ. ನಿನ್ನ ಮೇಲೆ ಏನೇನು ಅಂದುಕೊಂಡಿದ್ದೆ ಅಂತ ನಿನಗೆ ಗೊತ್ತಿರಲಿ, ಆಮೇಲೆ ಬರುವುದೋ ಬಿಡುವುದೋ ನೋಡಿಕೋ. ನಾಳೆ ರಂಗನೇ ಬೈಕಿನಲ್ಲಿ ತಂದು ನಿನ್ನ ಕೈಗೆ ಕೊಡುತ್ತಾನೆ. ಬಾ ಅಂತ ಬರೆಯಲು ನನಗೆ ಬರುವುದಿಲ್ಲ. ಬರುವುದಾದರೆ ನನ್ನ ಎಡಗಡೆ ಬಂದು ಕೂತ್ಕೋ. ಕೂಗಬೇಡ. ನೀನು ಕೂಗಿದರೆ ನನಗೆ ಸಿಟ್ಟು ಬರುತ್ತದೆ. ಮೊಮ್ಮಗನ ಹೆಸರು ಏನಿಟ್ಟಿರಿ? ಚೌಡಿ ಫೋನಿನಲ್ಲಿ ಮೂರು ಸಲ ಹೇಳಿದಳು. ಮೂರು ಸಲವೂ ಒಳ್ಳೆ ಹೆಸರು ಅಂದೆ. ಬರೆದು ಕಳಿಸು.

ನಿಮ್ಮೆಲ್ಲರ ಮೇಲೂ ಗುಮಾನಿ ಪಟ್ಟವನು,
ಗಿಡ್ಡಪ್ಪ

ಕಾಗದ ಅಂಟಿಸುವ ಮುಂಚೆ ಇನ್ನೊಂದು ಮಾತು. ಇದನ್ನು ನೀನೊಬ್ಬಳೇ ಓದಿಕೋ, ರಂಗನಿಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಹೊಳೆಯಾಚೆಯ ಮದುವೆ ಮುಗಿಸಿಕೊಂಡು ಹೊನ್ನಾಳಿ ಸೇತುವೆ ಮೇಲೆ ಬರುವಾಗ ಚಂದ್ರಿ ಇದ್ದಕ್ಕಿದ್ದ ಹಾಗೆ ನನ್ನನ್ನು ಅಂಚಿನ ಕಟಾಂಜನಕ್ಕೆ ಒತ್ತಿ ನಿಂತಿತು. ನಾನು ಅದಕ್ಕೆ ಎರಡು ಬಾರಿಸಿದೆ. ನೀನು ಹಿಂದಿನಿಂದ ಓಡಿ ಬಂದು ಯಾಕ್ರೀ ಹೊಡೆದ್ರಿ ಅಂದೆ. ಸುಮ್ಮಸುಮ್ಮನೆ ಬೆಚ್ಚಿತು ಅಂದೆ. ಅದು ಸುಮ್ಮನೆ ಬೆಚ್ಚಿರಲಿಲ್ಲ. ಲಾರಿ ನನ್ನ ಅಂಗಿಯ ತೋಳು ಸವರಿಕೊಂಡು ಹೋಗಿತ್ತು. ಡ್ರೈವರ್ ಕೈ ಇನ್ನೂ ಹಾರನ್ ಮೇಲೇ ಇತ್ತು. ಕೈ ಕಂಡಿತು, ಸದ್ದು ಬರಲಿಲ್ಲ. ಇಷ್ಟು ಹೋಗಿದೆ ಅಂತ ತಿಳಿದಿರಲಿಲ್ಲ, ಆದರೆ ಹೋಗುತ್ತಿದೆ ಅಂತ ನನಗೆ ಅವತ್ತೇ ಗೊತ್ತಾಯಿತು. ಚಂದ್ರಿಯನ್ನು ಹೊಡೆದದ್ದು ಗೊತ್ತಾದ ಮೇಲೆ. ಮೊದಲಲ್ಲ.